ಗೋಡೆ ಇರೋದು ಸೆಲ್ಫಿಗೆ ಮಾತ್ರಾನಾ?

ಚಂದ್ರಯಾನ-2ರ ಲ್ಯಾಂಡರ್ ಇಳಿಯೋಕೆ ಕೆಲವೇ ದಿನ ಬಾಕಿ ಇದ್ದಾಗ, 2019ರ ಸೆಪ್ಟೆಂಬರ್‌ನಲ್ಲಿ, ಒಂದು ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಬಿಳಿ ಸೂಟ್ ತೊಟ್ಟ ಗಗನಯಾತ್ರಿ ಗುಂಡಿಗಳ ನಡುವೆ ತೇಲಿದ ಹಾಗೆ ನಡೀತಾನೆ. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೋ! ಅದು ಚಂದ್ರ ಅಲ್ಲ, ಬೆಂಗಳೂರಿನ ಹೇರೋಹಳ್ಳಿ ಕಡೆಯ ರಸ್ತೆ. ಸೂಟಿನೊಳಗೆ ಇದ್ದವರು ನಟ ಪೂರ್ಣಚಂದ್ರ ಮೈಸೂರು, ಐಡಿಯಾ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರದ್ದು. ಸುದ್ದಿಯಾದ ಮೇಲೆ ಪಾಲಿಕೆಯವರು ಬೇಗನೇ ಬಂದು ರಸ್ತೆ ಸರಿಮಾಡಿದರು.

ನಾವದನ್ನ ಮೀಮ್ ಥರ ನೋಡಿ, ನಕ್ಕು, ಫಾರ್ವರ್ಡ್ ಮಾಡಿದ್ವಿ. ಆದರೆ 2015ರಲ್ಲಿ ಇದೇ ಬಾದಲ್ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನ ಕೊಳ ಮಾಡಿ, ಅದರಲ್ಲಿ ಫೈಬರ್ ಮೊಸಳೆ ಕೂರಿಸಿದ್ದನ್ನ ನೆನಪು ಮಾಡ್ಕೊಳ್ಳಿ. ಆ ಮೊಸಳೆಯನ್ನ ಗ್ಯಾಲರಿಯಲ್ಲಿ ಇಟ್ರೆ ಬರೀ ಆಟಿಕೆ. ಗುಂಡಿ ಇದ್ದದ್ದಕ್ಕೇ ಅದು ಕಲೆ. ಅಂದ್ರೆ ಅರ್ಧ ಕೆಲಸ ಕಲಾವಿದನದ್ದು, ಇನ್ನರ್ಧ ಆ ಜಾಗದ್ದು. ಬೀದಿ ಕಲೆ ನೋಡುವಾಗ ನಾನು ಕೇಳೋ ಪ್ರಶ್ನೆ ಇದೊಂದೇ: ಇದನ್ನ ಬೇರೆ ಗೋಡೆಗೆ ಸಾಗಿಸಿದ್ರೆ ಏನಾದ್ರೂ ಕಳೆದುಹೋಗುತ್ತಾ?

ಈ ಲೆಕ್ಕದಲ್ಲಿ ಪಾಲಿಕೆ 2009ರ ಸುಮಾರಿಗೆ ಬರೆಸಿದ ಗೋಡೆಚಿತ್ರಗಳು, ಅದೇ ಹಂಪಿಯ ಕಲ್ಲಿನ ರಥ, ಜೋಗ, ಹುಲಿ, ಪಾಸಾಗಲ್ಲ. ಹಾಗಂತ ಬರೆದವರನ್ನ ಆಡಿಕೊಳ್ಳಬೇಡಿ. ಅವರಲ್ಲಿ ತುಂಬಾ ಜನ ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳಕೊಂಡ ಸಿನಿಮಾ ಬ್ಯಾನರ್ ಕಲಾವಿದರು. ಇಪ್ಪತ್ತಡಿ ಎತ್ತರದ ಮುಖವನ್ನ ಅಳತೆ ತಪ್ಪದೆ ಬರೆಯೋ ಕೈ ಅದು. ನಮ್ಮ ಆಟೋಕ್ಯಾಡ್ ನಾಚಬೇಕು. ತಪ್ಪು ಇದ್ದದ್ದು ಅವರಿಗೆ ಕೊಟ್ಟ ಕೆಲಸದಲ್ಲಿ. ಪೋಸ್ಟರ್ ಅಂಟಿಸಬಾರದು, ಮೂತ್ರ ಮಾಡಬಾರದು, ಅದಕ್ಕೊಂದು ಜಲಪಾತ! (ದೇವರ ಟೈಲ್ಸ್ ಅಂಟಿಸೋದೂ ಇದೇ ಟೆಕ್ನಾಲಜಿ.)

ಅರವಾಣಿ ಆರ್ಟ್ ಪ್ರಾಜೆಕ್ಟ್ ಬೇರೇನೇ. ಬೆಂಗಳೂರಲ್ಲೇ ಶುರುವಾದ ಈ ತಂಡದಲ್ಲಿ ಟ್ರಾನ್ಸ್ ಮಹಿಳೆಯರು ಸೇರಿ ದೊಡ್ಡ ದೊಡ್ಡ ಗೋಡೆಗಳಿಗೆ ಬಣ್ಣ ಹಚ್ಚುತ್ತಾರೆ. ಸಿಗ್ನಲ್‌ನಲ್ಲಿ ಇವರನ್ನ ಕಂಡ ಕೂಡಲೇ ಗಾಜು ಏರಿಸೋರು ನಾವು. ಅವರೇ ಏಣಿ ಹತ್ತಿ ಬ್ರಶ್ ಹಿಡಿದಾಗ ದಾರಿಹೋಕರು ನಿಂತು ನೋಡ್ತಾರೆ, ಮಾತಾಡಿಸ್ತಾರೆ. ನನಗೆ ಚಿತ್ರಕ್ಕಿಂತ ಆ ನಿಲ್ಲೋದು ದೊಡ್ಡದು ಅನ್ಸುತ್ತೆ.

ಇನ್ನು ಸ್ಮಾರಕದ ಕಲ್ಲಿನ ಮೇಲೆ ಹೃದಯ ಕೆತ್ತಿ ಹೆಸರು ಬರೆಯೋ ವೀರರು ತಾವೂ ಗ್ರಾಫಿಟಿ ಕಲಾವಿದರು ಅಂದ್ಕೋಬೇಡಿ. ಅನುಮತಿ ಇಲ್ಲದೆ ಗೋಡೆ ಗೀಚೋದಕ್ಕೆ ನಮ್ಮ ರಾಜ್ಯದಲ್ಲಿ 1981ರ ಕಾಯ್ದೆಯೇ ಇದೆ.

‘ಚಿತ್ರ ಮಾಸಿಹೋಗುತ್ತಲ್ಲ, ದುಡ್ಡು ದಂಡ’ ಅನ್ನೋರೂ ಇದ್ದಾರೆ. ನಮ್ಮ ಅಮ್ಮಂದಿರು ಬೆಳಿಗ್ಗೆ ಹಾಕಿದ ರಂಗೋಲಿ ಮಧ್ಯಾಹ್ನಕ್ಕೆ ಇರಲ್ಲ. ಯಾರಾದ್ರೂ ದಂಡ ಅಂದಿದ್ದೀವಾ?

ಈಗ ನಮ್ಮ ಕ್ಯಾಂಪಸ್‌ಗೆ ಬರೋಣ. ಪ್ರತಿ ಫೆಸ್ಟ್‌ಗೂ ಗೋಡೆಗೆ ಬಣ್ಣ ಬೀಳುತ್ತೆ: ಒಂದು ಬಲ್ಬು, ಅದರೊಳಗೆ ಮೆದುಳು, ಕೆಳಗೆ ಕನಸಿನ ಬಗ್ಗೆ ಇಂಗ್ಲಿಷ್ ಸಾಲು. ಯಾವ ಕಾಲೇಜಿಗೆ ಹಾಕಿದ್ರೂ ನಡೆಯುತ್ತೆ! ನಮ್ಮ ಕ್ಯಾಂಟೀನ್ ಅಣ್ಣ, ರಾತ್ರಿ ಪಾಳಿಯ ಸೆಕ್ಯೂರಿಟಿ, ಬ್ಯಾಕ್ ಪೇಪರ್ ಕಟ್ಟೋ ಕ್ಯೂ, ನೀರೇ ಬರದ ಹಾಸ್ಟೆಲ್ ನಲ್ಲಿ, ಇವೆಲ್ಲ ಎಲ್ಲಿ ಹೋದ್ವು? ವರ್ಕ್‌ಶಾಪ್ ಹಿಂದಿನ ಕಾಂಪೌಂಡ್ ಗೋಡೆ ಖಾಲಿ ಬಿದ್ದಿದೆ. ಪ್ರಿನ್ಸಿಪಾಲರಿಗೆ ಅನುಮತಿ ಪತ್ರ ನಾನು ಬರೀತೀನಿ, ಬಣ್ಣಕ್ಕೆ ನೀವು ಚಂದಾ ಎತ್ತಿ. ಬಲ್ಬು ಮಾತ್ರ ಬೇಡ.