ಟಿ.ವಿ. ಕೊಳ್ಳುವಾಗ ಅಳತೆಗೆ ಮರುಳಾಗಬೇಡಿ

ಸಂಜೆ ಹಾಲು ಕರೆಯುವ ಹೊತ್ತಿಗೇ ಕೃಷಿ ಕಾರ್ಯಕ್ರಮ ಪ್ರಸಾರವಾಗಿ ಮುಗಿದುಹೋಗುವುದುಂಟು. ಸ್ಮಾರ್ಟ್ ಟಿ.ವಿ. ಇದ್ದರೆ ದೂರದರ್ಶನ ಚಂದನದ ಹಲವು ಕಾರ್ಯಕ್ರಮಗಳನ್ನು ಬಿಡುವಾದಾಗ ಯೂಟ್ಯೂಬಿನಲ್ಲಿ ನೋಡಬಹುದು.

ಇದಕ್ಕೆ ದೊಡ್ಡ ಪರದೆಯೇ ಬೇಕೆಂದಿಲ್ಲ. 32 ಅಂಗುಲಕ್ಕೆ ಮೇಲ್ಪಟ್ಟ ಟಿ.ವಿ.ಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿರುವುದು ನಿಜ. ಆದರೂ ಸಾಧಾರಣ ಕೋಣೆಗೆ 32 ಅಂಗುಲ ಸಾಕು.

ಅಗ್ಗದ ಟಿ.ವಿ.ಯಲ್ಲಿ ಸಾಮಾನ್ಯವಾಗಿ ಮೊದಲು ಹಳತಾಗುವುದು ಪರದೆಯಲ್ಲ, ಒಳಗಿನ ತಂತ್ರಾಂಶ. ಅದಕ್ಕೆ ಹೊಸ ಆವೃತ್ತಿ ಬರುವುದು ನಿಂತರೆ ಆ್ಯಪ್‌ಗಳು ಕ್ರಮೇಣ ಕೈಕೊಡುತ್ತವೆ. ಆಗ ಟಿ.ವಿ.ಯನ್ನೇ ಬದಲಿಸಬೇಕಿಲ್ಲ. ಎಚ್.ಡಿ.ಎಂ.ಐ. ಕಿಂಡಿಗೆ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದರೆ ಕೆಲಸ ನಡೆಯುತ್ತದೆ. ಆದ್ದರಿಂದ ಇಂಥ ಕಿಂಡಿ ಕನಿಷ್ಠ ಎರಡಿರಲಿ: ಒಂದು ಡಿಶ್ ಪೆಟ್ಟಿಗೆಗೆ, ಇನ್ನೊಂದು ಸ್ಟಿಕ್ಕಿಗೆ. ಮನೆಯ ಹಳೆಯ ಟಿ.ವಿ.ಗೆ ಈ ಕಿಂಡಿ ಇದ್ದರೆ ಹೊಸದೇ ಬೇಡ.

ಕೊಳ್ಳುವ ಮುನ್ನ, ಟಿ.ವಿ. ಇಡುವ ಜಾಗದಲ್ಲೇ ಕುಳಿತು ಮೊಬೈಲಿನಲ್ಲಿ ಅರ್ಧ ಗಂಟೆ ಕಾರ್ಯಕ್ರಮ ನೋಡಿ. ಅಲ್ಲಿ ತಡೆದು ತಡೆದು ಬಂದರೆ, ಅದೇ ಸಿಗ್ನಲ್ಲಿನಿಂದ ಟಿ.ವಿ.ಯಲ್ಲೂ ಹಾಗೆಯೇ ಬರುತ್ತದೆ. ಕೊಳವೆಬಾವಿಯ ನೀರು ನೋಡದೆ ಪಂಪು ಕೊಳ್ಳುವವರುಂಟೇ?