ಈದ್ಗಾದ ಬೀಗ ತೆಗೆಯಿರಿ, ನಲವತ್ತರವರು ಓಡಲಿ

ನಲವತ್ತು ದಾಟಿದವರು ಚಿಕ್ಕೋಡಿಯಲ್ಲೋ ರಾಯಬಾಗದಲ್ಲೋ ಬೆಳಗಿನ ಹೊತ್ತು ಓಡುತ್ತಿದ್ದರೆ ಕಂಡವರು ಕೇಳುವುದು ಒಂದೇ ಮಾತು: "ಯಾಕ್ರೀ ಚಾಚಾ, ಯಾರರೆ ಬೆನ್ನ ಹತ್ತ್ಯಾರೇನು?" ಹುಡುಗರು ಓಡಿದರೆ ಸೈನ್ಯದ ಭರ್ತಿಗೆ ತಯಾರಿ ಎಂದು ಮೆಚ್ಚುತ್ತೇವೆ. ಅದೇ ಹುಡುಗನ ಅಪ್ಪ ಓಡಿದರೆ ಶೋಕಿ ಎನ್ನುತ್ತೇವೆ. ಅಮ್ಮ ಓಡಿದರಂತೂ ಸಂಜೆಯೊಳಗೆ ಮೊಹಲ್ಲಾಕ್ಕೆಲ್ಲ ಸುದ್ದಿ. ಮ್ಯಾರಥಾನ್ ಓಡುತ್ತೇನೆ ಎಂದು ನಡುವಯಸ್ಸಿನವರು ಯಾರಾದರೂ ಹೇಳಿದರೆ, ತಸ್ಬೀಹ್ ಹಿಡಿಯುವ ವಯಸ್ಸಿನಲ್ಲಿ ಇದೇನು ಹುಚ್ಚು ಎಂಬ ಉಪದೇಶ ತಪ್ಪಿದ್ದಲ್ಲ.

ಈ ಉಪದೇಶವನ್ನು ನಾವು ಒಪ್ಪುವುದಿಲ್ಲ. ತಸ್ಬೀಹ್ ಹಿಡಿಯುವ ಕೈಗೂ ಓಡುವ ಕಾಲಿಗೂ ಜಗಳವೇನೂ ಇಲ್ಲ.

ದೂರದ ಓಟ ಪಟ್ಟಣದವರು ನಮ್ಮ ಸೀಮೆಗೆ ತಂದ ಹೊಸ ಚಾಳಿಯೂ ಅಲ್ಲ. 1920ರಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ನಡೆದ ಒಲಿಂಪಿಕ್ಸ್‌ಗೆ ಭಾರತದ ಮೊದಲ ತಂಡ ಹೋಯಿತು. ಅದರಲ್ಲಿ ನಮ್ಮದೇ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಹಳ್ಳಿಗಳ ಓಟಗಾರರು ಬರಿಗಾಲಲ್ಲಿ ಓಡುವುದನ್ನು ಪುಣೆಯಲ್ಲಿ ಕಂಡು ಬೆರಗಾದ ದೊರಾಬ್ಜಿ ಟಾಟಾ ಆ ತಂಡದ ಖರ್ಚಿಗೆ ನೆರವಾಗಿದ್ದರು. ಚೌಗುಲೆಯವರು ಮ್ಯಾರಥಾನಿನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಅಂದಿನ ದೂರ 42.75 ಕಿಲೋಮೀಟರ್, ಅಂದರೆ ಇಂದಿನ 42.195ಕ್ಕಿಂತಲೂ ಅರ್ಧ ಕಿಲೋಮೀಟರ್ ಹೆಚ್ಚು. ನಿಪ್ಪಾಣಿಯಿಂದ ಹೊರಟವರು ಕೊಲ್ಲಾಪುರ ಸೇರುವಷ್ಟು ದಾರಿ ಅದು. ಅಂಥವರ ಜಿಲ್ಲೆಯಲ್ಲಿದ್ದುಕೊಂಡು ನಾವು ಕಿರಾಣಿ ಅಂಗಡಿಗೂ ಬೈಕು ಹತ್ತುತ್ತೇವೆ.

ಇದರ ಫಲ ಏನೆಂದು ಪ್ರತಿ ಮನೆಗೂ ಗೊತ್ತು. ಕೃಷ್ಣೆಯ ದಂಡೆಯ ಈ ತಾಲೂಕುಗಳು ಸಕ್ಕರೆ ಕಾರ್ಖಾನೆಗಳ ಸೀಮೆ. ಈಗ ಕಾರ್ಖಾನೆಯ ಸಕ್ಕರೆಗಿಂತ ರಕ್ತದ ಸಕ್ಕರೆಯ ಮಾತೇ ಹೆಚ್ಚಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹ ಇದೆಯೆಂದು ಗೊತ್ತಾಯಿತು. ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಚುರುಕಾಗಿ ನಡೆಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಇಪ್ಪತ್ತೆರಡು ನಿಮಿಷ. ಚಹಾದಂಗಡಿಯ ಒಂದು ಹರಟೆಗೆ ಇದಕ್ಕಿಂತ ಹೆಚ್ಚು ಸಮಯ ಹೋಗುತ್ತದೆ. ಇನ್ನು ಹಜ್ಜಿನ ಮಾತು. ಜೀವಮಾನವೆಲ್ಲ ದುಡ್ಡು ಕೂಡಿಟ್ಟು ಅರವತ್ತರಲ್ಲಿ ಹೊರಡುತ್ತೇವೆ, ಅಲ್ಲಿ ಸಫಾ ಮರ್ವಾಗಳ ನಡುವೆ ಏಳು ಸುತ್ತು ನಡೆಯಲಾಗದೆ ಗಾಲಿಕುರ್ಚಿ ಹುಡುಕುತ್ತೇವೆ. ದುಡ್ಡನ್ನು ಕೂಡಿಟ್ಟ ಹಾಗೆ ಕಾಲಿನ ಶಕ್ತಿಯನ್ನೂ ಕೂಡಿಡಬೇಕಿತ್ತಲ್ಲವೆ?

ಆ ಸಫಾ ಮರ್ವಾಗಳ ಓಟ ಯಾರದು? ಮರುಭೂಮಿಯಲ್ಲಿ ಬಾಯಾರಿದ ಮಗುವಿಗಾಗಿ ನೀರು ಹುಡುಕಿದ ಒಬ್ಬ ತಾಯಿಯದು, ಹಜ್ರತ್ ಹಾಜಿರಾರದು. ಹಸಿರು ದೀಪಗಳ ನಡುವೆ ಇಂದು ಓಡುವವರು ಗಂಡಸರು. ಅವರು ಅನುಸರಿಸುವುದು ಮಾತ್ರ ಒಬ್ಬ ಹೆಣ್ಣಿನ ಹೆಜ್ಜೆಯನ್ನು. ಪ್ರವಾದಿ ಮುಹಮ್ಮದರು(ಸ) ಹಜ್ರತ್ ಆಯಿಶಾ(ರ) ಅವರೊಂದಿಗೆ ಓಟದ ಪಂದ್ಯ ಆಡಿದ್ದು ಅಬೂದಾವೂದರ ಹದೀಸ್ ಸಂಗ್ರಹದಲ್ಲಿದೆ. ಮೊದಲ ಸಲ ಆಯಿಶಾ ಗೆದ್ದರು. ಕಾಲ ಕಳೆದು ಅವರ ಮೈ ತುಂಬಿಕೊಂಡ ಮೇಲೆ ಪ್ರವಾದಿಯವರು ಗೆದ್ದರು, ಅಂದಿನ ಸೋಲಿಗೆ ಇದು ಸಮವಾಯಿತೆಂದು ವಿನೋದ ಮಾಡಿದರು. ಇದು ಮದೀನಾದ ದಿನಗಳ ಮಾತು. ಆಗ ಪ್ರವಾದಿಯವರಿಗೆ ಐವತ್ತು ದಾಟಿತ್ತು. ನಮ್ಮ ಮೇಲೆ ನಮ್ಮ ದೇಹಕ್ಕೂ ಹಕ್ಕಿದೆ ಎಂದು ಕಲಿಸಿದವರೂ ಅವರೇ. ಈ ಹದೀಸನ್ನು ನಾವು ಮದುವೆಯ ಬಯಾನಿನಲ್ಲಿ ದಾಂಪತ್ಯದ ಸೊಬಗಿಗೆ ಉದಾಹರಿಸುತ್ತೇವೆ, ಆಮೇಲೆ ಮನೆಯ ಹೆಣ್ಣುಮಗಳು ಬೆಳಿಗ್ಗೆ ನಡೆದು ಬರುತ್ತೇನೆಂದರೆ ಜನ ಏನೆನ್ನುತ್ತಾರೆ ಎಂದು ಬಾಗಿಲು ಮುಚ್ಚುತ್ತೇವೆ.

ಹೆಣ್ಣಿನ ಮೈಗೆ ಈ ಓಟ ಆಗದು ಎಂಬ ಮಾತು ನಮ್ಮವರೊಬ್ಬರದೇ ಅಲ್ಲ. 1967ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಕ್ಯಾಥ್ರಿನ್ ಸ್ವಿಟ್ಜರ್ ಮ್ಯಾರಥಾನ್ ಓಡುತ್ತಿದ್ದಾಗ ಅಧಿಕಾರಿಯೊಬ್ಬರು ಅಡ್ಡಬಂದು ಹೊರಗೆಳೆಯಲು ನೋಡಿದರು. ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಶುರುವಾದದ್ದು 1984ರಲ್ಲಿ. ಅದಾಗಿ ನಲವತ್ತು ವರ್ಷಕ್ಕೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಆ ಚಿನ್ನ ಗೆದ್ದವರು ನೆದರ್ಲೆಂಡ್ಸ್‌ನ ಸಿಫಾನ್ ಹಸನ್. ಪದಕ ಪಡೆಯಲು ಅವರು ಹಿಜಾಬ್ ಧರಿಸಿ ವೇದಿಕೆ ಹತ್ತಿದರು. ಆತಿಥೇಯ ಫ್ರಾನ್ಸ್ ತನ್ನ ಆಟಗಾರ್ತಿಯರಿಗೆ ಹಿಜಾಬ್ ನಿಷೇಧಿಸಿದ್ದ ಕೂಟ ಅದು. ಹಿಜಾಬ್ ಹಾಕಿದವಳು ಓಡಬಾರದು ಎನ್ನುವ ನಾವು, ಓಡುವವಳು ಹಿಜಾಬ್ ಹಾಕಬಾರದು ಎನ್ನುವ ಅವರು, ಇಬ್ಬರೂ ಕಟ್ಟುವುದು ಒಂದೇ ಹೆಣ್ಣಿನ ಕಾಲನ್ನು.

ಒಂದು ಆಕ್ಷೇಪಕ್ಕೆ ಮಾತ್ರ ತೂಕವಿದೆ. ಪ್ರವೇಶ ಶುಲ್ಕ, ಸಾವಿರಾರು ರೂಪಾಯಿಯ ಬೂಟು, ಪದಕ ಕಚ್ಚಿ ತೆಗೆಸಿಕೊಂಡ ಫೋಟೋ, ಇದೆಲ್ಲ ಉಳ್ಳವರ ಆಟ ಎನ್ನುತ್ತಾರೆ. ಕಬ್ಬು ಕಡಿಯುವವನು ಹೊಲದಲ್ಲೇ ದಿನಕ್ಕೊಂದು ಮ್ಯಾರಥಾನ್ ಮುಗಿಸುತ್ತಾನೆ, ಅವನಿಗೇಕೆ ಇದು ಎನ್ನುತ್ತಾರೆ. ಮಾತು ನಿಜ. ಆದರೆ ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸನ್ನು ನೋಡಿ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಅದು ತುಂಬುವ ತನಕ ಮೊರ ತೊಡೆಯ ಮೇಲಿಟ್ಟು ಬಾಗಿ ಕೂತೇ ಇರಬೇಕು. ನಲವತ್ತಕ್ಕೆ ಸೊಂಟ ಹಿಡಿಯುತ್ತದೆ, ಮಂಡಿ ಬಿಗಿಯುತ್ತದೆ. ದುಡಿಮೆ ಮೈಯನ್ನು ಸವೆಸುತ್ತದೆ, ಕಟ್ಟುವುದಿಲ್ಲ. ಉಳ್ಳವರು ಓಡುತ್ತಾರೆಂದು ಆಕೆ ಕೂತೇ ಇರಬೇಕೆನ್ನುವುದು ಯಾವ ನ್ಯಾಯ? ಆಕೆಗೆ 42 ಕಿಲೋಮೀಟರ್ ಬೇಕಿಲ್ಲ. ಮನೆಗೆ ಹತ್ತಿರ, ಕಾಸಿಲ್ಲದೆ, ಯಾರ ಕಣ್ಣಿಗೂ ಹೆದರದೆ ಅರ್ಧ ಗಂಟೆ ಕಾಲಾಡಿಸುವ ಜಾಗ ಬೇಕು.

ಆ ಜಾಗ ರಸ್ತೆಯಲ್ಲಿಲ್ಲ. ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ನಡುವೆ ಪಾದಚಾರಿಗೆ ಅಂಚೂ ಉಳಿಯುವುದಿಲ್ಲ. ಪಂಜಾಬಿನ ಫೌಜಾ ಸಿಂಗ್ 2000ದಲ್ಲಿ, 89ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದರು. 2011ರಲ್ಲಿ ನೂರು ವರ್ಷದವರಾಗಿ ಟೊರಾಂಟೊದ ಓಟ ಮುಗಿಸಿದರು. ಆ ಅಜ್ಜನ ಪ್ರಾಣ ಹೋದದ್ದು ಓಟದಿಂದಲ್ಲ. 2025ರ ಜುಲೈನಲ್ಲಿ, 114ನೆಯ ವಯಸ್ಸಿನಲ್ಲಿ, ತಮ್ಮ ಊರಿನ ರಸ್ತೆಯಲ್ಲಿ ವಾಹನ ಬಡಿದು ತೀರಿಕೊಂಡರು.

ಹಾಗಾದರೆ ಜಾಗ ಎಲ್ಲಿದೆ? ನಮ್ಮ ಬಳಿಯೇ ಇದೆ. ಅನೇಕ ಊರುಗಳಲ್ಲಿ ನಮ್ಮ ಈದ್ಗಾ ಮೈದಾನಗಳು ಗೋಡೆ, ಗೇಟು ಸಮೇತ ಇವೆ. ರಂಜಾನ್ ಮತ್ತು ಬಕ್ರೀದಿನ ಎರಡು ದಿನ ತುಂಬುತ್ತವೆ. ಉಳಿದ 363 ದಿನ ಅಲ್ಲಿ ಹುಲ್ಲು ಬೆಳೆಯುತ್ತದೆ, ಬೀಗ ತುಕ್ಕು ಹಿಡಿಯುತ್ತದೆ. ಪವಿತ್ರ ಸ್ಥಳದಲ್ಲಿ ಓಟವೆ ಎನ್ನುವವರಿಗೆ ಬುಖಾರಿಯಲ್ಲೇ ಉತ್ತರವಿದೆ. ಅಬಿಸೀನಿಯಾದವರು ಪ್ರವಾದಿಯವರ(ಸ) ಮಸೀದಿಯಲ್ಲೇ ಈಟಿಯ ಆಟ ಆಡಿದರು. ಪ್ರವಾದಿಯವರು ಮರೆಯಾಗಿ ನಿಂತು ಆಯಿಶಾರಿಗೆ ಅದನ್ನು ತೋರಿಸಿದರು. ಮಸೀದಿಯ ಅಂಗಳದಲ್ಲಿ ಸಲ್ಲುವುದು ಈದ್ಗಾದ ಬಯಲಿನಲ್ಲಿ ಸಲ್ಲದೆ?

ಆದ್ದರಿಂದ ಜಮಾಅತಿನ ಹಿರಿಯರಲ್ಲಿ ನಮ್ಮ ಬೇಡಿಕೆ ಇಷ್ಟು. ಫಜ್ರ್ ನಮಾಜಿನ ನಂತರ ಎರಡು ಗಂಟೆ ಮೈದಾನ ತೆರೆಯಿರಿ. ಒಂದು ಗಂಟೆ ಗಂಡಸರಿಗೆ, ಒಂದು ಗಂಟೆ ಹೆಂಗಸರಿಗೆ ಇರಲಿ. ಹೆಂಗಸರ ಹೊತ್ತಿನ ಬೀಗದ ಕೈ ಹೆಂಗಸರ ಬಳಿಯೇ ಇರಲಿ. ನೆರೆಯ ಹಿಂದೂ, ಜೈನ ಸೋದರಿಯರೂ ಬರಲಿ. ನಾಲ್ಕು ದೀಪ, ಕುಡಿಯಲು ಒಂದು ನಲ್ಲಿ, ತಿಂಗಳಿಗೊಮ್ಮೆ ಬಿಪಿ ಮತ್ತು ಶುಗರ್ ನೋಡುವ ಒಬ್ಬ ಡಾಕ್ಟರು, ಇದಕ್ಕೆ ಲಕ್ಷಗಟ್ಟಲೆ ಚಂದಾ ಬೇಕಿಲ್ಲ.

ಓಡಲು ಹೊರಡುವ ನಮ್ಮ ವಾರಗೆಯವರಿಗೂ ಒಂದು ಮಾತು. ಮೊದಲು ವೈದ್ಯರಲ್ಲಿ ತೋರಿಸಿಕೊಳ್ಳಿ. ನಡಿಗೆಯಿಂದ ಶುರುಮಾಡಿ, ತಿಂಗಳುಗಟ್ಟಲೆ ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ನಿಮ್ಮಲ್ಲಿ ಒಬ್ಬರೋ ಇಬ್ಬರೋ ಮುಂದೆ ಮ್ಯಾರಥಾನ್ ಮುಗಿಸಿ ಬಂದರೆ ನಾವು ಹಾರ ಹಾಕೋಣ. ಅದಕ್ಕಿಂತ ಮೊದಲು ಈ ಐದು ತಾಲೂಕುಗಳಲ್ಲಿ ಒಂದಾದರೂ ಈದ್ಗಾದ ಗೇಟು ನಾಳೆಯ ಫಜ್ರ್ ನಂತರ ತೆರೆಯಲಿ. ಯಾವ ಊರಿನ ಜಮಾಅತ್ ಮುಂದಾಗುತ್ತದೆ ಎಂದು ನಾವು ಕೇಳುತ್ತಿದ್ದೇವೆ.