ಸೂಜಿಯ ಮಹಿಮೆಯೋ, ಅರ್ಧ ಗಂಟೆಯ ಮಹಿಮೆಯೋ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಓಡಾಡುವವರು ಗಮನಿಸಿರಬಹುದು. ಪೀಜಿ, ಬಿರಿಯಾನಿ, ಡ್ರೈವಿಂಗ್ ಸ್ಕೂಲ್ ಬೋರ್ಡುಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಅಕ್ಯುಪಂಕ್ಚರ್ ಬೋರ್ಡೂ ಕಾಣಿಸುತ್ತೆ. ಕುತ್ತಿಗೆ ನೋವು, ತಲೆನೋವು, ನಿದ್ದೆ ಬಾರದಿರೋದು, ಟೆನ್ಷನ್... ಎಲ್ಲದಕ್ಕೂ ಸೂಜಿ! ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಈ ವಿಷಯ ಬಂದರೆ ಎರಡು ಪಕ್ಷ ಆಗಿಬಿಡುತ್ತೆ. ಒಂದು ಪಕ್ಷ "ಐದು ಸಿಟ್ಟಿಂಗ್ ಆಯ್ತು ಗುರೂ, ರಾತ್ರಿ ತಲೆ ಇಟ್ಟರೆ ಬೆಳಿಗ್ಗೇನೇ ಎಚ್ಚರ" ಅನ್ನುತ್ತೆ. ಇನ್ನೊಂದು ಪಕ್ಷ "ಚುಚ್ಚಿಸ್ಕೊಳ್ಳೋಕೆ ದುಡ್ಡು ಯಾಕೆ, ಬೆಳ್ಳಂದೂರಿನ ಸೊಳ್ಳೆ ಫ್ರೀಯಾಗೇ ಚುಚ್ಚುತ್ತಲ್ಲ" ಅಂತ ನಗುತ್ತೆ :-)

ನನಗೆ ಇಬ್ಬರ ಮಾತೂ ಅರ್ಧರ್ಧ ಸರಿ ಅನ್ನಿಸುತ್ತೆ. ಆರಾಮ ಸಿಗೋದು ನಿಜ. ಆದರೆ ಅದು ಎಲ್ಲಿಂದ ಬಂತು ಅಂತ ವಿಚಾರಿಸದೇ ಇದ್ದರೆ, ನಮ್ಮದೇ ಸಮಯವನ್ನು ನಾವೇ ದುಡ್ಡು ಕೊಟ್ಟು ಕೊಳ್ಳುತ್ತಾ ಇರುತ್ತೇವೆ.

ಮೊದಲು ಸ್ವಲ್ಪ ಹಿನ್ನೆಲೆ. ಈ ಚೀನೀ ವಿದ್ಯೆ ನಮ್ಮ ದೇಶಕ್ಕೆ ಬಂದ ಕಥೆಯಲ್ಲಿ ನಮ್ಮ ಗಡಿಯ ಊರೊಂದು ಬರುತ್ತೆ. 1938ರಲ್ಲಿ, ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಕಾಂಗ್ರೆಸ್ಸು ಐದು ಜನ ವೈದ್ಯರನ್ನು ಕಳಿಸಿತು. ಅವರಲ್ಲಿ ಒಬ್ಬರು ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ (ಹೌದು, ಇವತ್ತಿಗೂ ಕನ್ನಡ ಮಾತು ಕೇಳಿಸುವ ಅದೇ ಸೊಲ್ಲಾಪುರ). ಗಾಯಾಳು ಸೈನಿಕರ ಸೇವೆ ಮಾಡುತ್ತಲೇ 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕೋಲ್ಕತ್ತದಲ್ಲಿ ಶುರು ಮಾಡಿದರು. 2003ರಲ್ಲಿ ಕೇಂದ್ರ ಸರ್ಕಾರ ಇದನ್ನು ಒಂದು ಚಿಕಿತ್ಸಾ ವಿಧಾನ ಅಂತ ಒಪ್ಪಿತು. 2019ರಲ್ಲಿ ಸ್ವತಂತ್ರ ಪದ್ಧತಿಯ ಮಾನ್ಯತೆಯೂ ಸಿಕ್ಕಿತು. ನಮ್ಮಲ್ಲಿ ಪ್ರಕೃತಿ ಚಿಕಿತ್ಸೆಯ ಪದವಿ, ಅಂದರೆ ಬಿ.ಎನ್.ವೈ.ಎಸ್. ಓದುವವರು ಇದನ್ನೂ ಕಲಿಯುತ್ತಾರೆ. ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಜಿಂದಾಲ್ ಪ್ರಕೃತಿ ಚಿಕಿತ್ಸಾ ಸಂಸ್ಥೆಯಲ್ಲೂ ಈ ಚಿಕಿತ್ಸೆ ಇದೆ.

ಇದರ ಸಿದ್ಧಾಂತ ಹೀಗೆ: ದೇಹದಲ್ಲಿ 'ಚಿ' ಅನ್ನೋ ಪ್ರಾಣಶಕ್ತಿ ನಾಳಗಳಲ್ಲಿ ಹರಿಯುತ್ತೆ, ಅದು ಕಟ್ಟಿಕೊಂಡಾಗ ರೋಗ ಬರುತ್ತೆ, 361 ಬಿಂದುಗಳಲ್ಲಿ ಬೇಕಾದ ಕಡೆ ಸೂಜಿ ಚುಚ್ಚಿ ಅದನ್ನು ಬಿಡಿಸಬಹುದು. ಆದರೆ ದೇಹವನ್ನು ಕುಯ್ದು ನೋಡಿದ ಯಾರಿಗೂ ಈ ನಾಳಗಳು ಸಿಕ್ಕಿಲ್ಲ. ಹಾಗಾದರೆ ಎಲ್ಲ ಬೊಗಳೆಯಾ? ಸ್ವಲ್ಪ ತಡೀರಿ.

ಜರ್ಮನಿಯಲ್ಲಿ 1162 ಜನ ಸೊಂಟನೋವಿನ ರೋಗಿಗಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು, ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಶಾಸ್ತ್ರೋಕ್ತ ಅಕ್ಯುಪಂಕ್ಚರ್. ಎರಡನೆಯದಕ್ಕೆ 'ಸುಳ್ಳು' ಅಕ್ಯುಪಂಕ್ಚರ್, ಅಂದರೆ ಶಾಸ್ತ್ರದಲ್ಲಿ ಇಲ್ಲದ ಜಾಗಗಳಲ್ಲಿ, ಚರ್ಮಕ್ಕಷ್ಟೇ ತಾಗುವ ಹಾಗೆ ಸೂಜಿ. ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳ ನಂತರ ಸುಧಾರಿಸಿದವರು ಎಷ್ಟು ಗೊತ್ತಾ? ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4!

ನಮ್ಮ ಕೋಡ್ ಭಾಷೆಯಲ್ಲಿ ಹೇಳೋದಾದರೆ, ಮುಖ್ಯ ಅಂದುಕೊಂಡಿದ್ದ ಫಂಕ್ಷನ್ನನ್ನೇ ಕಾಮೆಂಟ್ ಔಟ್ ಮಾಡಿದರೂ ಪ್ರೋಗ್ರಾಂ ಹೆಚ್ಚುಕಮ್ಮಿ ಅದೇ ಔಟ್‌ಪುಟ್ ಕೊಡ್ತು. ಅಂದಮೇಲೆ ಕೆಲಸ ಮಾಡ್ತಾ ಇರೋದು ಬೇರೆ ಸಾಲುಗಳು. (ಇದು ಸೊಂಟನೋವಿನ ಲೆಕ್ಕ, ಟೆನ್ಷನ್ನಿನದ್ದಲ್ಲ ಅನ್ನೋದು ನೆನಪಿರಲಿ. ಆದರೂ ಸುಳಿವು ದೊಡ್ಡದು.)

ಆ ಬೇರೆ ಸಾಲುಗಳು ಯಾವುವು? ಕುತ್ತಿಗೆ ನೋವಿಗೆ ಅಂತ ನಾನೂ ಆರು ಸಲ ಹೋಗಿ ಬಂದವನು, ನನಗೆ ಕಂಡದ್ದು ಹೇಳ್ತೀನಿ. ಡಾಕ್ಟರು ಮೊದಲು ಹತ್ತು ನಿಮಿಷ ಕೂರಿಸಿಕೊಂಡು ಏನು ತಿಂತೀರಿ, ಎಷ್ಟೊತ್ತಿಗೆ ಮಲಗ್ತೀರಿ ಅಂತೆಲ್ಲಾ ಕೇಳಿದರು. ಮ್ಯಾನೇಜರ್ ಬಿಡಿ, ಮನೆಯವರು ಬಿಟ್ಟರೆ ಯಾರೂ ನನ್ನನ್ನು ಹಾಗೆ ಕೇಳಿಲ್ಲ. ಆಮೇಲೆ ಮಬ್ಬು ಬೆಳಕಿನ ಕೋಣೆಯಲ್ಲಿ ಅರ್ಧ ಗಂಟೆ ಅಲುಗಾಡದೇ ಮಲಗಬೇಕು. ಎರಡೂ ಕೈಯಲ್ಲಿ ಸೂಜಿ. ಫೋನ್ ಎಷ್ಟೇ ಗುಯ್‌ಗುಟ್ಟಿದರೂ ಎತ್ತೋ ಹಾಗಿಲ್ಲ! ಇಷ್ಟು ಗಟ್ಟಿಯಾಗಿ ಫೋನ್ ಬಿಡಿಸುವ ಉಪಾಯ ನಾನು ಇನ್ನೆಲ್ಲೂ ನೋಡಿಲ್ಲ.

ಇನ್ನೊಂದು ತಮಾಷೆ. "ನಾಲ್ಕು ಗಂಟೆ ಮೀಟಿಂಗಿಗೆ ಬರಲ್ಲ, ಸ್ವಲ್ಪ ಮಲಗಬೇಕು" ಅಂತ ಮೇಲ್ ಹಾಕಿದರೆ ನಾನು ಸೋಮಾರಿ. "ಅಕ್ಯುಪಂಕ್ಚರ್ ಅಪಾಯಿಂಟ್‌ಮೆಂಟ್ ಇದೆ" ಅಂದರೆ "ಟೇಕ್ ಕೇರ್" ಅಂತ ಉತ್ತರ ಬರುತ್ತೆ. ಎರಡೂ ಕಡೆ ನಾನು ಮಾಡಿದ್ದು ಮಲಗೋದೇ! ಸೂಜಿ ಇಲ್ಲಿ ಗೇಟ್ ಪಾಸಿನ ಕೆಲಸ ಮಾಡ್ತಾ ಇದೆ.

ಹಾಗಂತ ಸೂಜಿಯನ್ನು ಆಡಿಕೊಳ್ಳೋದು ನನ್ನ ಉದ್ದೇಶ ಅಲ್ಲ. ನನ್ನ ಕುತ್ತಿಗೆ ಸಡಿಲ ಆಗಿದ್ದು ನಿಜ. ಆದರೆ ಮೆಮರಿ ಲೀಕ್ ಇರೋ ಸರ್ವರನ್ನು ದಿನಾ ರೀಸ್ಟಾರ್ಟ್ ಮಾಡೋದು ಎಷ್ಟು ದಿನ? ಒಂದು ಡಚ್ ಸಂಸ್ಥೆಯ ಟ್ರಾಫಿಕ್ ವರದಿ ಪ್ರಕಾರ 2019ರಲ್ಲಿ ದಟ್ಟಣೆಯ ಹೊತ್ತಿನಲ್ಲಿ ಓಡಾಡುವ ಬೆಂಗಳೂರಿಗ ವರ್ಷಕ್ಕೆ 243 ಗಂಟೆ ಹೆಚ್ಚುವರಿಯಾಗಿ ರಸ್ತೆಯಲ್ಲಿ ಕಳೆದ. ಅಂದರೆ ಹಗಲೂ ರಾತ್ರಿ ಸೇರಿ ಹತ್ತು ದಿನ! ಮೆಟ್ರೋ 2023ರಲ್ಲಿ ವೈಟ್‌ಫೀಲ್ಡಿಗೂ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರಕ್ಕೂ ಬಂತು. ಲೈನಿನ ಹತ್ತಿರ ಮನೆ ಇರೋ ನನ್ನ ಗೆಳೆಯನಿಗೆ ದಿನಕ್ಕೆ ಒಂದು ಗಂಟೆ ಉಳೀತು. ಯಾವ ಸೂಜಿಯೂ ಕೊಡದ ನೆಮ್ಮದಿ ಅದು ಅಂತಾನೆ.

ಆದರೆ ರಸ್ತೆಯಲ್ಲಿ ಉಳಿದ ಗಂಟೆ ನಮ್ಮ ಕೈಯಲ್ಲಿ ನಿಲ್ಲಬೇಕಲ್ಲ? 2024ರ ಜುಲೈನಲ್ಲಿ ಐಟಿಯವರ ದಿನದ ಕೆಲಸವನ್ನು ಓವರ್‌ಟೈಮ್ ಸೇರಿ 14 ಗಂಟೆವರೆಗೂ ಎಳೆಯಬಹುದು ಅನ್ನೋ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂದಿದ್ದು ನೆನಪಿದೆಯಾ? ನೌಕರರ ಸಂಘ ಗಟ್ಟಿಯಾಗಿ ವಿರೋಧಿಸಿತು. 2025ರಲ್ಲಿ ಓವರ್‌ಟೈಮ್ ಸೇರಿ 12 ಗಂಟೆ ಅನ್ನೋ ರೂಪದಲ್ಲಿ ಮತ್ತೆ ಚರ್ಚೆಗೆ ಬಂತು. 12 ಗಂಟೆ ಕೆಲಸ, ಎರಡು ಗಂಟೆ ದಾರಿ, ಏಳು ಗಂಟೆ ನಿದ್ದೆ. ಉಳಿಯೋದು ಮೂರು ಗಂಟೆ. ಅದರಲ್ಲೇ ಅಡುಗೆ, ಊಟ, ಸ್ನಾನ, ಅಮ್ಮನಿಗೆ ಫೋನು, ಮಗುವಿನ ಹೋಂವರ್ಕು. ಸೂಜಿ ಚುಚ್ಚಿಸಿಕೊಳ್ಳೋಕೂ ಪುರುಸೊತ್ತು ಇರಲ್ಲ!

ಪೀಣ್ಯದ ಕಡೆ ನೋಡಿ. ಎಂಟು ಗಂಟೆ ಲೇತ್ ಮುಂದೆ ನಿಂತವನ ಸೊಂಟ ನಮ್ಮ ಸೊಂಟಕ್ಕಿಂತ ಗಟ್ಟಿಯೇನಲ್ಲ. ಗಾರ್ಮೆಂಟ್ಸಿನಲ್ಲಿ ಬಗ್ಗಿ ಹೊಲಿಯುವ ಅಕ್ಕನ ಕುತ್ತಿಗೆಯೂ ಅಷ್ಟೇ. ಅವರು ಸಿಟ್ಟಿಂಗಿಗೆ ಹೋದರೆ ಫೀಸಿನ ಜೊತೆ ಆ ದಿನದ ಸಂಬಳವೂ ಹೋಗುತ್ತೆ. ರಾತ್ರಿ ಅಮೃತಾಂಜನ ತಿಕ್ಕಿ ಮಲಗಿ, ಬೆಳಿಗ್ಗೆ ಮತ್ತೆ ಶಿಫ್ಟು. ಒತ್ತಡಕ್ಕೆ ಪರಿಹಾರ ಅಂದರೆ ದುಡ್ಡಿದ್ದವರು ಕೊಳ್ಳುವ ಅರ್ಧ ಗಂಟೆ ಅಂತ ಆಗಿಬಿಟ್ಟರೆ ಇವರೆಲ್ಲ ಎಲ್ಲಿಗೆ ಹೋಗಬೇಕು?

ಅದಕ್ಕೇ ನನ್ನ ಮಾತು ಇಷ್ಟೇ. ಅಕ್ಯುಪಂಕ್ಚರಿಗೆ ಹೋಗಬೇಕು ಅನ್ನಿಸಿದರೆ ಧಾರಾಳವಾಗಿ ಹೋಗಿ. ನೋಂದಾಯಿತ ವೈದ್ಯರೇ ಅಂತ ಖಚಿತ ಮಾಡಿಕೊಳ್ಳಿ, ನಿಮ್ಮ ಕಣ್ಣೆದುರೇ ಹೊಸ ಸೂಜಿಯ ಪ್ಯಾಕೆಟ್ ಒಡೆಸಿ. ಬಳಸಿದ ಸೂಜಿಯಿಂದ ಹೆಪಟೈಟಿಸ್ ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಮೊದಲೇ ಹೇಳಿ. "ಸೂಜಿ ಶುರುವಾಯ್ತಲ್ಲ, ಬೀಪಿ ಮಾತ್ರೆ ಬಿಡಿ" ಅನ್ನುವವರಿಂದ ಮಾತ್ರ ದೂರ ಇರಿ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತೆ ಅಂದರೆ ಅದನ್ನು ಟೆನ್ಷನ್ ಅಂತ ತಳ್ಳಿಹಾಕಬೇಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದೆ ಇರೋದು ನಮ್ಮ ನಿಮ್ಹಾನ್ಸ್. ತಂತ್ರಜ್ಞಾನಕ್ಕೆ ಹೆಗಲು ಕೊಟ್ಟಿರೋದು ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇರುವ ಟ್ರಿಪಲ್ ಐಟಿ.

ಮುಂದಿನ ಸಲ ನಿಮ್ಮ ಕಂಪನಿಯಲ್ಲಿ 'ವೆಲ್‌ನೆಸ್ ವೀಕ್' ಅಂತ ಕಿವಿಗೆ ಸೂಜಿ ಚುಚ್ಚುವವರನ್ನು ಕರೆಸಿದರೆ ಚುಚ್ಚಿಸಿಕೊಳ್ಳಿ, ಬೇಡ ಅನ್ನಲ್ಲ. ಜೊತೆಗೆ ಎಚ್.ಆರ್. ಹತ್ತಿರ ಒಂದು ಮಾತು ಕೇಳಿ ನೋಡಿ: ರಾತ್ರಿ ಎಂಟರ ಮೇಲೆ ಕಾಲ್ ಬೇಡ, ಮಧ್ಯಾಹ್ನ ಅರ್ಧ ಗಂಟೆ ಯಾರೂ ಯಾರನ್ನೂ ಕರೆಯೋದು ಬೇಡ, ಆಗುತ್ತಾ ಅಂತ. ಅದಕ್ಕೆ ಬರುವ ಉತ್ತರ ನೋಡಿದರೆ, ಅವರಿಗೆ ನಮ್ಮ ಕುತ್ತಿಗೆಯ ಬಗ್ಗೆ ಎಷ್ಟು ಕಾಳಜಿ ಅಂತ ಗೊತ್ತಾಗುತ್ತೆ.

ನಿಮ್ಮಲ್ಲಿ ಯಾರಾದರೂ ಹೀಗೆ ಕೇಳಿ ಗೆದ್ದವರಿದ್ದೀರಾ? ಇದ್ದರೆ ಹೇಗೆ ಅಂತ ಬರೀರಿ ಮಾರಾಯ್ರೇ, ನಮ್ಮ ಟೀಮಿಗೂ ಬೇಕಾಗಿದೆ :-)